ಮೊಬೈಲ್‌ಗೆ ಗೇಮ್ ಕಂಟ್ರೋಲರ್: ದುಡ್ಡು ಹಾಕೋ ಮುಂಚೆ ಒಂದಿಷ್ಟು ಎಂಜಿನಿಯರಿಂಗ್

ಸೆಮಿಸ್ಟರ್ ಮುಗಿದು ರಜೆ ಹತ್ತಿರ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ: "ಮೊಬೈಲ್‌ಗೆ ಕಂಟ್ರೋಲರ್ ತಗೋಬೇಕು, ಯಾವುದು ಒಳ್ಳೇದು?" ಉತ್ತರವಾಗಿ ನಾಲ್ಕು ಲಿಂಕ್ ಬರುತ್ತೆ, ಎರಡು ಜಗಳ ಆಗುತ್ತೆ. ಆದ್ರೆ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. "ನಾವು ಆಡೋ ಗೇಮ್‌ಗೆ ಕಂಟ್ರೋಲರ್‌ನ ಮಾತು ಅರ್ಥ ಆಗುತ್ತಾ?" ಅನ್ನೋದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ "ಇಲ್ಲ" ಅಂತಾದ್ರೆ, ಎಷ್ಟೇ ದುಬಾರಿ ಕಂಟ್ರೋಲರ್ ತಂದರೂ ಅದು ಮೇಜಿನ ಮೇಲೆ ಪೇಪರ್ ವೆಯ್ಟ್ ಆಗಿ ಕೂರುತ್ತೆ. ಇದು ಯಾಕೆ ಹೀಗೆ ಅಂತ ಬುಡದಿಂದ ನೋಡೋಣ.

ಗಾಜಿಗೆ ಇಲ್ಲದ್ದು ಬಟನ್‌ಗೆ ಏನಿದೆ?

ಕೀಬೋರ್ಡಿನ ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣದೊಂದು ಉಬ್ಬು ಇರೋದನ್ನ ನೀವು ನೋಡಿರ್ತೀರಿ. ಕಣ್ಣು ಸ್ಕ್ರೀನಿನ ಮೇಲಿದ್ದರೂ ಬೆರಳಿಗೆ ತನ್ನ ಜಾಗ ಗೊತ್ತಾಗಲಿ ಅಂತ ಅದನ್ನ ಇಟ್ಟಿರೋದು. ಟಚ್‌ಸ್ಕ್ರೀನಿನಲ್ಲಿ ಈ ಸುಳಿವು ಇಲ್ಲ. ಫೈರ್ ಬಟನ್ ಮೇಲೆ ಬೆರಳಿದ್ದರೂ ಗಾಜು, ಪಕ್ಕಕ್ಕೆ ಸರಿದರೂ ಅದೇ ಗಾಜು. ಜಾರಿದ್ದು ಗೊತ್ತಾಗೋದು ಗುಂಡು ಹಾರದೇ ಇದ್ದಾಗ ಮಾತ್ರ.

ಎರಡನೇ ತೊಂದರೆ, ನಮ್ಮ ಹೆಬ್ಬೆರಳೇ ಪರದೆ ಮುಚ್ಚುತ್ತೆ. ನೋಡೋ ಜಾಗ, ಆಡೋ ಜಾಗ ಎರಡೂ ಒಂದೇ ಆಗಿರೋದರ ಫಲ ಇದು. ಮೂರನೆಯದು ಬೆರಳುಗಳ ಲೆಕ್ಕ. ಮಾಮೂಲಾಗಿ ಹಿಡಿದರೆ ಎರಡು ಹೆಬ್ಬೆರಳು ಮಾತ್ರ ಕೆಲಸಕ್ಕೆ ಬರುತ್ತವೆ. ಒಂದು ಓಡೋಕೆ, ಇನ್ನೊಂದು ಗುರಿ ಇಡೋಕೆ ಹೋದರೆ ಗುಂಡು ಹಾರಿಸೋದು ಯಾವುದರಿಂದ? ಅದಕ್ಕೇ ಬಿಜಿಎಂಐ ಆಡೋರು ತೋರುಬೆರಳುಗಳನ್ನೂ ಮೇಲಿಂದ ಬಗ್ಗಿಸಿ ನಾಲ್ಕು ಬೆರಳಿನ 'ಕ್ಲಾ' ಹಿಡಿತ ಕಲಿಯೋದು. ಕಂಟ್ರೋಲರ್‌ನಲ್ಲಿ ಆ ಎರಡು ಬೆರಳುಗಳಿಗೆ ಹಿಂದುಗಡೆ ಟ್ರಿಗರ್‌ಗಳು ತಾವಾಗೇ ಸಿಗುತ್ತವೆ.

ಹಾಗಂತ ಕಂಟ್ರೋಲರ್ ಎಲ್ಲದಕ್ಕೂ ಮೇಲು ಅಂತಲ್ಲ. ಚೆಸ್, ಕ್ಯಾಂಡಿ ಕ್ರಷ್ ಥರದ ಆಟಗಳಲ್ಲಿ ಬೇಕಾದ ಜಾಗಕ್ಕೆ ನೇರವಾಗಿ ಬೆರಳಿಡೋದೇ ಸುಲಭ. ರೇಸಿಂಗ್, ಪ್ಲಾಟ್‌ಫಾರ್ಮರ್, ಶೂಟರ್‌ಗಳಲ್ಲಿ ಕಂಟ್ರೋಲರ್‌ನ ಬೆಲೆ ಗೊತ್ತಾಗುತ್ತೆ.

ಫೋನಿನ ಜೊತೆ ಹೇಗೆ ಮಾತಾಡುತ್ತೆ?

ನಮ್ಮ ಮೌಸ್, ಕೀಬೋರ್ಡ್ ಬಳಸೋ ಎಚ್‌ಐಡಿ ಅನ್ನೋ ಸ್ಟ್ಯಾಂಡರ್ಡನ್ನೇ ಬಹುತೇಕ ಕಂಟ್ರೋಲರ್‌ಗಳೂ ಬಳಸ್ತವೆ. ಹ್ಯೂಮನ್ ಇಂಟರ್‌ಫೇಸ್ ಡಿವೈಸ್ ಅಂತ ಅದರ ಪೂರ್ತಿ ಹೆಸರು. ಮೊದಲು ಯುಎಸ್‌ಬಿಗೆ ಬಂದದ್ದು, ಆಮೇಲೆ ಬ್ಲೂಟೂತ್‌ಗೂ ಹೋಯ್ತು.

ಕನೆಕ್ಟ್ ಆದ ತಕ್ಷಣ ಕಂಟ್ರೋಲರ್ ತನ್ನ ಪರಿಚಯ ಪತ್ರ ಕೊಡುತ್ತೆ: "ನನ್ನ ಹತ್ರ 16 ಬಟನ್ ಇವೆ, ನಾಲ್ಕು ಆಕ್ಸಿಸ್ ಇವೆ, ಎರಡು ಟ್ರಿಗರ್ ಇವೆ." ಇದಕ್ಕೆ ರಿಪೋರ್ಟ್ ಡಿಸ್ಕ್ರಿಪ್ಟರ್ ಅಂತಾರೆ. ಆಮೇಲೆ ಕಳಿಸೋದೆಲ್ಲ ಚಿಕ್ಕ ಚಿಕ್ಕ ರಿಪೋರ್ಟ್‌ಗಳು. ಲೆಕ್ಕ ಹಾಕಿ ನೋಡಿ: 16 ಬಟನ್‌ಗೆ ಒಂದೊಂದು ಬಿಟ್, ಅಂದ್ರೆ 2 ಬೈಟ್. ಎರಡು ಸ್ಟಿಕ್‌ಗಳ ನಾಲ್ಕು ಆಕ್ಸಿಸ್‌ಗೆ ಒಂದೊಂದು ಬೈಟ್, ಒಟ್ಟು 4. ಎರಡು ಟ್ರಿಗರ್‌ಗೆ 2. ಇಡೀ ಕೈಚಳಕ ಎಂಟು ಬೈಟ್‌ನಲ್ಲಿ ಮುಗಿದುಹೋಯ್ತು!

ಆಂಡ್ರಾಯ್ಡ್ ಈ ಬೈಟ್‌ಗಳನ್ನ ತಗೊಂಡು ಸ್ಟಿಕ್‌ನ ಸ್ಥಾನವನ್ನ -1ರಿಂದ 1ರವರೆಗಿನ ಒಂದು ದಶಮಾಂಶ ಸಂಖ್ಯೆಯಾಗಿ ಗೇಮ್‌ಗೆ ಒಪ್ಪಿಸುತ್ತೆ. ಬಟನ್ ಒತ್ತಿದ್ದು ಕೀ ಒತ್ತಿದ ಹಾಗೇ ಹೋಗುತ್ತೆ. ಇಲ್ಲಿಗೆ ಓಎಸ್ ಕೆಲಸ ಮುಗೀತು. ಅದನ್ನ ತಗೊಂಡು ಏನು ಮಾಡಬೇಕು ಅಂತ ಗೇಮ್ ಬರೆದವರು ಕೋಡ್‌ನಲ್ಲಿ ಬರೆದಿರಬೇಕು. ಬರೆದಿಲ್ಲ ಅಂದ್ರೆ ಆ ಎಂಟು ಬೈಟ್ ಬಂದ ದಾರಿಯಲ್ಲೇ ಕಳೆದುಹೋಗ್ತವೆ.

ನಡೆದು ಬಂದ ದಾರಿ

ಫೋನಿನಲ್ಲೇ ಗೇಮಿಂಗ್ ಬಟನ್ ಇಡೋ ಪ್ರಯತ್ನ ಹಳೇದು. ನೋಕಿಯಾ 2003ರಲ್ಲಿ ಎನ್-ಗೇಜ್ ತಂದಿತು. ಅದರಲ್ಲಿ ಗೇಮ್ ಕಾರ್ಡ್ ಬದಲಿಸೋಕೆ ಬ್ಯಾಟರಿ ಬಿಚ್ಚಬೇಕಿತ್ತು, ಕಾಲ್ ಬಂದರೆ ಫೋನಿನ ಅಂಚನ್ನ ಕಿವಿಗಿಟ್ಟುಕೊಂಡು ಮಾತಾಡಬೇಕಿತ್ತು. ಜನ ನಕ್ಕರು. 2007ರಲ್ಲಿ ಐಫೋನ್ ಬಂದ ಮೇಲೆ ಬಟನ್‌ಗಳ ಕಾಲವೇ ಮುಗಿದಂತಾಯ್ತು. 2011ರಲ್ಲಿ ಸೋನಿ ಎರಿಕ್ಸನ್, ಪಕ್ಕಕ್ಕೆ ಸರಿಸಿದರೆ ಗೇಮ್‌ಪ್ಯಾಡ್ ಹೊರಬರೋ ಎಕ್ಸ್‌ಪೀರಿಯಾ ಪ್ಲೇ ತಂದಿತು, ಅದೂ ನಿಲ್ಲಲಿಲ್ಲ.

ಅದೇ 2011ರ ಇನ್ನೊಂದು ಕಥೆ ನಮ್ಮಂಥವರಿಗೆ ಹೆಚ್ಚು ಇಷ್ಟವಾಗೋದು. ಐಪ್ಯಾಡನ್ನ ಒಳಗಿಟ್ಟು ಆಡೋ ಪುಟ್ಟ ಆರ್ಕೇಡ್ ಪೆಟ್ಟಿಗೆ, ಹೆಸರು ಐಕೇಡ್. ಮೊದಲು ಏಪ್ರಿಲ್ ಫೂಲ್ ಜೋಕ್ ಆಗಿ ಬಂದು, ಆಮೇಲೆ ನಿಜವಾಗ್ಲೂ ತಯಾರಾಯ್ತು. ಆಗ ಐಪ್ಯಾಡ್‌ಗೆ ಕಂಟ್ರೋಲರ್ ಅಂದ್ರೇನು ಅಂತಾನೇ ಗೊತ್ತಿರಲಿಲ್ಲ, ಬ್ಲೂಟೂತ್ ಕೀಬೋರ್ಡ್ ಮಾತ್ರ ಗೊತ್ತಿತ್ತು. ಅದೂ ಟೈಪ್ ಆದ ಅಕ್ಷರ ಆ್ಯಪ್‌ಗೆ ಸಿಗ್ತಿತ್ತೇ ಹೊರತು, ಕೀಯನ್ನ ಯಾವಾಗ ಬಿಟ್ಟರು ಅನ್ನೋದು ಸಿಗ್ತಿರಲಿಲ್ಲ. ಐಕೇಡ್ ಮಾಡಿದವರು ಪ್ರತಿ ಬಟನ್‌ಗೆ ಎರಡು ಅಕ್ಷರ ಇಟ್ಟರು. ಜಾಯ್‌ಸ್ಟಿಕ್ ಮೇಲಕ್ಕೆ ತಳ್ಳಿದರೆ 'ಡಬ್ಲ್ಯೂ', ಬಿಟ್ಟರೆ 'ಇ'. ಗೇಮ್ ಆ ಎರಡನ್ನೂ ನೋಡಿ, ನಡುವಿನ ಹೊತ್ತೆಲ್ಲ ಒತ್ತಿಯೇ ಇದ್ದರು ಅಂತ ತಿಳ್ಕೊಳ್ಳುತ್ತೆ. ಇದ್ದದ್ದರಲ್ಲೇ ದಾರಿ ಹುಡುಕೋದು ಅಂದ್ರೆ ಇದು.

ಅದೇ ವರ್ಷ ಆಂಡ್ರಾಯ್ಡ್ 3.1 ಜಾಯ್‌ಸ್ಟಿಕ್, ಗೇಮ್‌ಪ್ಯಾಡ್‌ಗಳಿಗೆ ಓಎಸ್ ಮಟ್ಟದಲ್ಲೇ ಬೆಂಬಲ ಕೊಟ್ಟಿತು. ಆಪಲ್ 2013ರಲ್ಲಿ ಐಓಎಸ್ 7ರ ಜೊತೆ ತನ್ನದೇ ಎಂಎಫ್‌ಐ ಕಂಟ್ರೋಲರ್ ನಿಯಮ ತಂದಿತು. ಆಗ ಬಂದ ಮೊದಲ ಕಂಟ್ರೋಲರ್‌ಗಳ ಬೆಲೆ ಸುಮಾರು 100 ಡಾಲರ್. ಪರಿಸ್ಥಿತಿ ನಿಜವಾಗಿ ಬದಲಾಗಿದ್ದು 2019ರಲ್ಲಿ, ಐಓಎಸ್ 13 ಪಿಎಸ್4 ಮತ್ತು ಎಕ್ಸ್‌ಬಾಕ್ಸ್‌ನ ಬ್ಲೂಟೂತ್ ಕಂಟ್ರೋಲರ್‌ಗಳನ್ನ ಒಪ್ಪಿಕೊಂಡಾಗ. ಮರುವರ್ಷವೇ ಫೋನನ್ನ ಎರಡೂ ಕಡೆಯಿಂದ ಅಪ್ಪಿ ಹಿಡಿಯೋ ರೇಜರ್ ಕಿಶಿ, ಬ್ಯಾಕ್‌ಬೋನ್ ಒನ್ ಥರದವು ಬಂದವು. 2023ರಲ್ಲಿ ಐಫೋನ್ 15 ಯುಎಸ್‌ಬಿ-ಸಿಗೆ ಬದಲಾದ ಮೇಲೆ, ಒಂದೇ ಕಂಟ್ರೋಲರ್ ಎರಡೂ ಕಡೆಯ ಫೋನ್‌ಗಳಿಗೆ ಆಗೋ ಕಾಲ ಬಂತು.

ಫೋನ್ ಕೇಳಿಸಿಕೊಂಡರೂ ಗೇಮ್ ಕೇಳಿಸಿಕೊಳ್ಳಲ್ಲ

ಅಂದ್ರೆ ಹಾರ್ಡ್‌ವೇರ್ ಸಮಸ್ಯೆ ಹೆಚ್ಚುಕಮ್ಮಿ ಬಗೆಹರಿದಿದೆ. ಉಳಿದಿರೋದು ಗೇಮ್‌ನದ್ದು. ಮೈನ್‌ಕ್ರಾಫ್ಟ್, ಸ್ಟಾರ್‌ಡ್ಯೂ ವ್ಯಾಲಿ, ಡೆಡ್ ಸೆಲ್ಸ್, ಜಿಟಿಎ ಸ್ಯಾನ್ ಆ್ಯಂಡ್ರಿಯಾಸ್ ಇವೆಲ್ಲ ಕಂಟ್ರೋಲರ್ ಒಪ್ಕೊಳ್ತವೆ. ಕಾಲ್ ಆಫ್ ಡ್ಯೂಟಿ ಮೊಬೈಲ್ ಕೂಡ ಒಪ್ಕೊಳ್ಳುತ್ತೆ, ಆದರೆ ಒಂದು ಷರತ್ತಿನ ಮೇಲೆ: ಕಂಟ್ರೋಲರ್ ಹಿಡಿದವರನ್ನ ಕಂಟ್ರೋಲರ್ ಹಿಡಿದವರ ಜೊತೆಗೇ ಆಡಿಸುತ್ತೆ. ಬಿಜಿಎಂಐನಲ್ಲಿ ಅಧಿಕೃತ ಬೆಂಬಲವೇ ಇಲ್ಲ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಗಾಜಿನ ಮೇಲೆ ಹೆಬ್ಬೆರಳು ಉಜ್ಜೋರ ಎದುರು ಟ್ರಿಗರ್ ಇರೋರನ್ನ ನಿಲ್ಲಿಸಿದರೆ ಅದು ಸರಿಸಮದ ಆಟ ಆಗಲ್ಲ. ದುಡ್ಡು ಕೊಟ್ಟು ಕಂಟ್ರೋಲರ್ ಕೊಂಡವರೇ ಗೆಲ್ಲೋ ಹಾಗಿದ್ದರೆ ಉಳಿದವರು ಆಟ ಬಿಟ್ಟು ಹೋಗ್ತಾರೆ. ಗೇಮ್ ಕಂಪನಿಗಳಿಗೆ ಇದು ಗೊತ್ತು.

ಇನ್ನೊಂದು ವಿಚಿತ್ರ: ಗೆನ್‌ಶಿನ್ ಇಂಪ್ಯಾಕ್ಟ್ 2021ರಲ್ಲಿ ಕಂಟ್ರೋಲರ್ ಬೆಂಬಲ ಕೊಟ್ಟಿದ್ದು ಐಫೋನ್, ಐಪ್ಯಾಡ್‌ಗೆ ಮಾತ್ರ, ಆಗ ಆಂಡ್ರಾಯ್ಡ್‌ಗೆ ಕೊಡಲಿಲ್ಲ. ಗೇಮ್ ಅದೇ, ಕಂಟ್ರೋಲರ್ ಅದೇ, ಫೋನ್ ಬೇರೆ ಆದ್ರೆ ಕಥೆಯೇ ಬೇರೆ. "ಫ್ರೆಂಡ್ ಫೋನಲ್ಲಿ ವರ್ಕ್ ಆಗುತ್ತೆ" ಅನ್ನೋದು ನಿಮ್ಮ ಫೋನಿಗೆ ಗ್ಯಾರಂಟಿ ಅಲ್ಲ.

ಅಡ್ಡದಾರಿಗಳು ಮತ್ತು ಅವುಗಳ ಬೆಲೆ

ಬೆಂಬಲ ಇಲ್ಲದ ಗೇಮ್‌ಗೆ ಜನ ಎರಡು ದಾರಿ ಹಿಡೀತಾರೆ.

ಒಂದು, ಫೋನಿನ ಮೇಲಂಚಿಗೆ ಸಿಕ್ಕಿಸೋ ಕ್ಲಿಪ್ ಟ್ರಿಗರ್. ಇದರ ಕೆಲಸ ಸರಳ. ಟಚ್‌ಸ್ಕ್ರೀನಿನ ಕೆಳಗೆ ಅಡ್ಡ-ಉದ್ದ ಎಲೆಕ್ಟ್ರೋಡ್‌ಗಳ ಜಾಲ ಇದೆ. ಬೆರಳು ಹತ್ತಿರ ಬಂದಾಗ ಅಲ್ಲಿಯ ಕೆಪಾಸಿಟೆನ್ಸ್ ಬದಲಾಗುತ್ತೆ, ಅದನ್ನ ಅಳೆದು ಸ್ಪರ್ಶ ಎಲ್ಲಾಯ್ತು ಅಂತ ಫೋನ್ ತಿಳ್ಕೊಳ್ಳುತ್ತೆ. ಕ್ಲಿಪ್‌ನ ಲಿವರ್ ಒತ್ತಿದಾಗ ವಿದ್ಯುತ್ ಹರಿಯಬಲ್ಲ ಸಣ್ಣ ಪ್ಯಾಡ್ ಒಂದು ಪರದೆಗೆ ತಾಗಿ ಇದೇ ಬದಲಾವಣೆ ತರುತ್ತೆ. ಫೋನಿಗೆ ಅದೂ ಒಂದು ಬೆರಳೇ, ಹಾಗಾಗಿ ಗೇಮ್‌ನ ಬೆಂಬಲ ಬೇಕಿಲ್ಲ. ಅಗ್ಗ, ಆದರೆ ಪರದೆಯ ಒಂದು ತುಂಡನ್ನ ಮುಚ್ಚುತ್ತೆ. ಟೂರ್ನಮೆಂಟ್‌ಗೆ ಇಳಿಯೋರು ನಿಯಮ ಓದಿಕೊಂಡೇ ಹಾಕಿ.

ಎರಡು, ಕೀ ಮ್ಯಾಪಿಂಗ್ ಆ್ಯಪ್. ಇದು ಕಂಟ್ರೋಲರ್‌ನ ಬಟನ್ ಸುದ್ದಿಯನ್ನ ಸುಳ್ಳು ಸ್ಪರ್ಶವಾಗಿ ಬದಲಿಸಿ ಗೇಮ್‌ಗೆ ಕೊಡುತ್ತೆ. ಬೇರೆ ಆ್ಯಪ್‌ನೊಳಗೆ ಸ್ಪರ್ಶ ತುರುಕೋಕೆ ಆಂಡ್ರಾಯ್ಡ್ ಸುಲಭವಾಗಿ ಬಿಡಲ್ಲ, ಅದಕ್ಕೇ ಇಂಥ ಹಲವು ಆ್ಯಪ್‌ಗಳು ಡೆವಲಪರ್ ಆಪ್ಷನ್ಸ್ ತೆರೆದು ಡೀಬಗ್ಗಿಂಗ್ ಆನ್ ಮಾಡಿ ಅಂತಾವೆ. ಅದೇ ಫೋನಿನಲ್ಲಿ ನಮ್ಮ ಯುಪಿಐ ಇದೆ, ಬ್ಯಾಂಕ್ ಆ್ಯಪ್ ಇದೆ ಅನ್ನೋದು ನೆನಪಿರಲಿ. ಜೊತೆಗೆ ಆನ್‌ಲೈನ್ ಶೂಟರ್‌ಗಳು ಇದನ್ನ ಚೀಟಿಂಗ್ ಅಂತ ಲೆಕ್ಕ ಹಾಕಿ ಅಕೌಂಟ್ ಬ್ಯಾನ್ ಮಾಡಬಹುದು. ಎರಡು ವರ್ಷ ಕೂಡಿಸಿದ ಅಕೌಂಟ್ ಒಂದು ಸಂಜೆಯ ಆಸೆಗೆ ಹೋದರೆ ಯಾರಿಗೆ ಹೇಳ್ಕೊಳ್ಳೋದು?

ಮೂರನೇ ದಾರಿಯೊಂದಿದೆ, ಅದು ಅಡ್ಡದಾರಿ ಅಲ್ಲ. ಲ್ಯಾಪ್‌ಟಾಪಿನಲ್ಲಿ ಸ್ಟೀಮ್ ಗೇಮ್‌ಗಳಿದ್ದರೆ ಸ್ಟೀಮ್ ಲಿಂಕ್ ಆ್ಯಪ್ ಮೂಲಕ ಅವನ್ನ ಫೋನಿನಲ್ಲಿ ಆಡಬಹುದು. ಗೇಮ್ ಓಡೋದು ಲ್ಯಾಪ್‌ಟಾಪಿನಲ್ಲಿ, ಫೋನಿಗೆ ಬರೋದು ವಿಡಿಯೋ ಮಾತ್ರ. ಕಂಟ್ರೋಲರ್‌ಗೆಂದೇ ಬರೆದ ಗೇಮ್‌ಗಳು ಅಲ್ಲಿ ಬೇಕಾದಷ್ಟಿವೆ.

ಡ್ರಿಫ್ಟ್ ಮತ್ತು ಲ್ಯಾಗ್

ಹೊಸದರಲ್ಲಿ ಎಲ್ಲ ಕಂಟ್ರೋಲರ್‌ಗಳೂ ಚೆನ್ನಾಗೇ ಇರ್ತವೆ. ಕೆಲವು ತಿಂಗಳಾದ ಮೇಲೆ ಸ್ಟಿಕ್ ಮುಟ್ಟದೇ ಇದ್ದರೂ ಪಾತ್ರ ತಾನಾಗೇ ನಡೆಯೋಕೆ ಶುರು ಮಾಡಬಹುದು. ಇದಕ್ಕೆ ಡ್ರಿಫ್ಟ್ ಅಂತಾರೆ. ಕಾರಣ ನಮ್ಮ ಬೇಸಿಕ್ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಹಳೇ ಪರಿಚಯಸ್ಥ, ಪೊಟೆನ್ಷಿಯೋಮೀಟರ್. ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತಾ ಇರುತ್ತೆ, ಪಟ್ಟಿ ಸವೆಯುತ್ತೆ, ಪುಡಿ ಕೂರುತ್ತೆ. 8 ಬಿಟ್‌ನಲ್ಲಿ ನಡುವೆ 128 ತೋರಿಸಬೇಕಾದದ್ದು 140 ತೋರಿಸಿದರೆ, ಗೇಮ್‌ಗೆ ನೀವು ಬಲಕ್ಕೆ ತಳ್ತಿದೀರಿ ಅಂತ ಅನಿಸುತ್ತೆ. ನಡುವಿನ ಸ್ವಲ್ಪ ಜಾಗವನ್ನ ಲೆಕ್ಕಕ್ಕೇ ತಗೋಬೇಡ ಅಂತ ಹೇಳೋ ಡೆಡ್ ಝೋನ್ ಇದನ್ನ ಮುಚ್ಚಿಡುತ್ತೆ, ವಾಸಿ ಮಾಡಲ್ಲ.

ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಉಜ್ಜೋದೇ ಇಲ್ಲ. ಅಯಸ್ಕಾಂತ ಅಲುಗಾಡುತ್ತೆ, ಸೆನ್ಸರ್ ದೂರದಿಂದಲೇ ಕ್ಷೇತ್ರ ಅಳೆಯುತ್ತೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ತತ್ವ ಇದು. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇದನ್ನ ಬಳಸಿತ್ತು. ಈಗ ಫೋನ್ ಕಂಟ್ರೋಲರ್‌ಗಳಲ್ಲೂ ಸಿಗುತ್ತೆ, ಬೆಲೆ ಹತ್ತಿರ ಹತ್ತಿರ ಇದ್ದರೆ ಇದನ್ನೇ ಆರಿಸಿ.

ಲ್ಯಾಗ್ ವಿಷಯಕ್ಕೆ ಬಂದರೆ, ಬ್ಲೂಟೂತ್ ಲೋ ಎನರ್ಜಿಯಲ್ಲಿ ಎರಡು ಭೇಟಿಗಳ ನಡುವಿನ ಕನಿಷ್ಠ ಅಂತರ ಬಹಳ ಕಾಲ 7.5 ಮಿಲಿಸೆಕೆಂಡ್ ಆಗಿತ್ತು, ಫೋನ್‌ಗಳು ಇದಕ್ಕಿಂತ ಹೆಚ್ಚು ಇಡೋದೂ ಉಂಟು. ಯುಎಸ್‌ಬಿಯಲ್ಲಿ ಇದು 1 ಮಿಲಿಸೆಕೆಂಡ್‌ವರೆಗೂ ಇಳಿಯಬಹುದು. 60 ಎಫ್‌ಪಿಎಸ್ ಗೇಮ್‌ನ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ಅಂತ ಲೆಕ್ಕ ಹಿಡಿದರೆ, ಒಳ್ಳೆ ಬ್ಲೂಟೂತ್ ಸಂಪರ್ಕದ ಕಾಯುವಿಕೆ ಅರ್ಧ-ಒಂದು ಫ್ರೇಮ್ ಆಸುಪಾಸು. ಮೈನ್‌ಕ್ರಾಫ್ಟ್‌ಗೆ ಇದು ಗೊತ್ತೇ ಆಗಲ್ಲ. ಆದ್ರೆ ಬ್ಲೂಟೂತ್ ಇಯರ್‌ಫೋನ್‌ನ ಆಡಿಯೋ ಇದಕ್ಕಿಂತ ಎಷ್ಟೋ ತಡ. ಶಬ್ದ ತಡವಾಗಿ ಬಂದದ್ದನ್ನ ನಾವು ಕಂಟ್ರೋಲರ್ ಮೇಲೆ ಹಾಕ್ತೀವಿ. ಮೊದಲು ವೈರ್ ಇಯರ್‌ಫೋನ್ ಹಾಕಿ ನೋಡಿ.

ಕೈ ಬೇರೆ ಥರ ಇದ್ದವರಿಗೆ

ನಮಗೆ ಕಂಟ್ರೋಲರ್ ಒಂದು ಶೋಕಿ ಇರಬಹುದು. ಬೆರಳುಗಳು ಸರಾಗವಾಗಿ ಆಡದೇ ಇರೋರಿಗೆ ಅದೇ ಆಟದೊಳಗೆ ಹೋಗೋ ಬಾಗಿಲು. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಲ್ಲಿ ಎರಡು ದೊಡ್ಡ ಬಟನ್, ಹಿಂದೆ ಸಾಲಾಗಿ 3.5 ಎಂಎಂ ಜ್ಯಾಕ್‌ಗಳಿವೆ. ಕಾಲಿನಿಂದ, ಮೊಣಕೈಯಿಂದ ಒತ್ತೋ ಸ್ವಿಚ್‌ಗಳನ್ನ ಅವಕ್ಕೆ ಸಿಕ್ಕಿಸಬಹುದು. ಐಓಎಸ್ 14ರಿಂದ ಅದು ಐಫೋನ್, ಐಪ್ಯಾಡ್‌ಗೂ ಕನೆಕ್ಟ್ ಆಗುತ್ತೆ. ಗೇಮ್ ಬರೆಯುವವರು ಕಂಟ್ರೋಲರ್ ಬೆಂಬಲ ಬಿಟ್ಟರೆ ಇವರೆಲ್ಲ ಹೊರಗುಳೀತಾರೆ. ನಮ್ಮಲ್ಲಿ ಗೇಮ್ ಮಾಡೋ ಕನಸಿರೋರು ಇದನ್ನ ತಲೆಯಲ್ಲಿಟ್ಟುಕೊಳ್ಳಿ.

ಕೊಳ್ಳೋ ಮುಂಚೆ

1. ನೀವು ನಿಜವಾಗ್ಲೂ ಆಡೋ ಮೂರು ಗೇಮ್‌ಗಳ ಹೆಸರು ಬರೆಯಿರಿ. ನಿಮ್ಮ ಓಎಸ್‌ನಲ್ಲಿ ಅವಕ್ಕೆ ಬೆಂಬಲ ಇದೆಯಾ ನೋಡಿ. ಮೂರಕ್ಕೂ ಇಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸಿ.

2. ಯಾರದಾದ್ರೂ ಪಿಎಸ್4 ಅಥವಾ ಎಕ್ಸ್‌ಬಾಕ್ಸ್‌ನ ಬ್ಲೂಟೂತ್ ಕಂಟ್ರೋಲರ್ ಒಂದು ದಿನಕ್ಕೆ ಇಸ್ಕೊಂಡು ಪರೀಕ್ಷೆ ಮಾಡಿ.

3. ಅಪ್ಪಿ ಹಿಡಿಯೋ ಮಾದರಿ ಆದ್ರೆ ನಿಮ್ಮ ಫೋನಿನ ಉದ್ದ, ಕ್ಯಾಮೆರಾ ಉಬ್ಬು, ಬ್ಯಾಕ್ ಕೇಸ್ ಹಾಕಿದ ಮೇಲಿನ ದಪ್ಪ ಅಳೆಯಿರಿ. ಆಡ್ತಾ ಚಾರ್ಜ್ ಮಾಡಬಹುದಾ ಕೇಳಿ.

4. ಟ್ಯಾಬ್ಲೆಟ್‌ಗೆ ಬೇರೆ ಕಂಟ್ರೋಲರ್, ಒಂದು ಸ್ಟ್ಯಾಂಡ್ ಸಾಕು. ಅಷ್ಟು ಭಾರ ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ಆಡೋಕಾಗಲ್ಲ.

ಕೊಳ್ಳೋ ಬದಲು ಮಾಡಿದರೆ?

ಬ್ಲೂಟೂತ್ ಇರೋ ಒಂದು ಇಎಸ್‌ಪಿ32 ಬೋರ್ಡ್, ಎರಡು ಜಾಯ್‌ಸ್ಟಿಕ್ ಮಾಡ್ಯೂಲ್, ಕೆಲವು ಪುಶ್ ಬಟನ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಇವೆಲ್ಲ ಸಿಗುತ್ತವೆ. ಬಿಎಲ್‌ಇ ಗೇಮ್‌ಪ್ಯಾಡ್‌ಗೆ ಆರ್ಡುಯಿನೋ ಲೈಬ್ರರಿ ಉಚಿತವಾಗಿದೆ. ಮೇಲೆ ಹೇಳಿದ ಎಂಟು ಬೈಟ್ ರಿಪೋರ್ಟನ್ನ ನೀವೇ ಕಳಿಸಿ, ನಿಮ್ಮ ಆಂಡ್ರಾಯ್ಡ್ ಫೋನ್ ಅದನ್ನ ಗೇಮ್‌ಪ್ಯಾಡ್ ಅಂತ ಗುರುತಿಸೋದನ್ನ ನೋಡಬಹುದು. ಎಡಿಸಿ, ಡಿಬೌನ್ಸ್, ಡೆಡ್ ಝೋನ್ ಮೂರೂ ಒಂದೇ ಮಿನಿ ಪ್ರಾಜೆಕ್ಟ್‌ನಲ್ಲಿ ಕಲಿತ ಹಾಗಾಯ್ತು. ಅಂಗಡಿಯ ಕಂಟ್ರೋಲರ್‌ನಷ್ಟು ನುಣುಪು ಬರಲ್ಲ ನಿಜ. ಆದ್ರೆ ಅದು ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ನಿಮಗೆ ಗೊತ್ತಿರುತ್ತೆ, ರಿಪೇರಿನೂ ನೀವೇ ಮಾಡ್ಕೋಬಹುದು.