ಗಟಾರ ದಾಟಿ ಬಂದ ಅಭ್ಯರ್ಥಿ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಪೂರ್ತಿ ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. 2021ರ ಆಗಸ್ಟ್ ತಿಂಗಳ ಕೊನೆಯ ವಾರ. ರಾತ್ರಿಯಿಡೀ ಜಿಟಿಜಿಟಿ ಹಿಡಿದ ಮಳೆಗೆ ಹಂಚಿನ ಅಂಚಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿವೆ. ಶುಂಠಿ ಹಾಕಿ ಕುದಿಸಿದ ಚಹಾದ ಘಮ, ಶ್ರಾವಣದ ಪೂಜೆಗೆ ಹಚ್ಚಿದ ಊದಿನಕಡ್ಡಿಯ ಪರಿಮಳ, ಅವೆರಡರ ಕೆಳಗೆ ಬಿಡದೆ ಹಬ್ಬಿಕೊಂಡಿರುವ ಗಟಾರದ ನಾತ. ಇವತ್ತು ಈ ಓಣಿಗೆ ನಳ ಬರುವ ದಿನ. ಬಾಗಿಲ ಮುಂದೆಲ್ಲ ಹಿತ್ತಾಳೆ ಕೊಡ, ನೀಲಿ ಬ್ಯಾರಲ್, ಹಳೇ ಬಣ್ಣದ ಡಬ್ಬಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರು ಒಂದು ಕಣ್ಣು ಪೈಪಿನ ಮೇಲೆ, ಇನ್ನೊಂದು ಕಣ್ಣು ಒಲೆಯ ಮೇಲಿನ ಹಾಲಿನ ಮೇಲೆ ಇಟ್ಟು ನಿಂತಿದ್ದಾರೆ.

ಆಕೆ ಬರುವುದು ಇದೇ ಹೊತ್ತಿಗೆ. ನೀರಿನ ದಿನ ಬೆಳಿಗ್ಗೆ ಓಣಿಯವರೆಲ್ಲ ಬಾಗಿಲಲ್ಲೇ ಸಿಗುತ್ತಾರೆ ಎಂಬುದು ಅಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಗೊತ್ತಿರುವ ಲೆಕ್ಕ. ನಲವತ್ತರ ಆಸುಪಾಸಿನ, ಮನೆಯಲ್ಲೇ ಬ್ಲೌಸ್ ಹೊಲಿದು ಸಂಸಾರ ನಡೆಸುವ, ಪಾಲಿಕೆ ಚುನಾವಣೆಗೆ ನಿಂತಿರುವ ಪಕ್ಷೇತರ ಅಭ್ಯರ್ಥಿ. ಹಿಂದೆ ಜೀಪಿಲ್ಲ, ಡೊಳ್ಳಿಲ್ಲ. ಕೋವಿಡ್ ಕಾಲವಾದ್ದರಿಂದ ಜತೆಗೆ ನಾಲ್ಕೇ ಜನ: ತಮ್ಮ, ನಾದಿನಿ, ಕರಪತ್ರ ಹಿಡಿದ ಇಬ್ಬರು ಹುಡುಗರು. ಮಾಸ್ಕನ್ನು ಗದ್ದಕ್ಕೆ ಇಳಿಸಿ ಮುಖ ತೋರಿಸುತ್ತಾಳೆ, ಮತ್ತೆ ಏರಿಸಿಕೊಳ್ಳುತ್ತಾಳೆ. ತುಂಬಿದ ಕೊಡವನ್ನು ಪಕ್ಕಕ್ಕೆ ಎತ್ತಿಟ್ಟು, ಖಾಲಿ ಕೊಡಕ್ಕೆ ಪೈಪು ಹಿಡಿದು, ಆಮೇಲೆ ಬಾಯಿ ತೆರೆಯುತ್ತಾಳೆ.

“ಯವ್ವಾ, ಹೊಲಿಗಿ ಮಷೀನಿನ ಗುರುತು. ಮರೀಬ್ಯಾಡ್ರಿ.”

“ಗುರುತ ಇರ್ಲಿ ಬಿಡವಾ. ಮದ್ಲ ಈ ಗಟಾರ ನೋಡು. ಮಳಿ ಜೋರಾದ್ರ ನೀರು ಅಡಿಗಿಮನಿಗೆ ಬರತಾವು. ಯಾರ ಮುಂದ ಹೇಳೂನು?”

ಅಜ್ಜಿಯ ಈ ಪ್ರಶ್ನೆ ಪೊಳ್ಳಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಹಿಂದಿನ ಸದಸ್ಯರ ಅವಧಿ ಮುಗಿದದ್ದು 2019ರ ಮಾರ್ಚ್‌ನಲ್ಲಿ. ಅಂದಿನಿಂದ ಎರಡು ಮಳೆಗಾಲ ಕಳೆದು ಮೂರನೆಯದು ನಡೆಯುತ್ತಿದ್ದರೂ ಓಣಿಯವರು ಹೆಸರು ಹಿಡಿದು ಕೂಗಬಹುದಾದ ಸದಸ್ಯನೇ ಇರಲಿಲ್ಲ. ಕಚೇರಿಯಲ್ಲಿ ಅಧಿಕಾರಿಗಳಿದ್ದರು, ಆದರೆ ಬೆಳಗಿನ ಆರು ಗಂಟೆಗೆ ಬಾಗಿಲು ಬಡಿದು ಎಬ್ಬಿಸುವಷ್ಟು ಸಲಿಗೆ ಅಧಿಕಾರಿಯ ಮನೆಯಲ್ಲಿ ಯಾರಿಗಿರುತ್ತದೆ?

ಅಭ್ಯರ್ಥಿ ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಾಳೆ. ಇಣುಕಿ ನೋಡೋಣ ಬನ್ನಿ. ಕಂಬದ ದೀಪ ಹೋಗಿದೆ. ಕಸದ ಗಾಡಿ ಒಳ ಓಣಿಗೆ ಬರುವುದಿಲ್ಲ. ವಾಲ್‌ಮನ್ ಬರುವ ವೇಳೆಗೆ ಗ್ಯಾರಂಟಿಯಿಲ್ಲ. ಪುಟದ ತುಂಬ ನೀರೇ ನೀರು. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆ ಅಷ್ಟು ದೂರ ಹರಿದು ಬರುತ್ತಾಳೆ. ಈ ಊರಿನ ಕೆಲವು ಬಡಾವಣೆಗಳಿಗೆ ದಿನದ 24 ತಾಸೂ ನೀರು ಕೊಡುವ ಪ್ರಯೋಗ 2008ರ ಹೊತ್ತಿಗೇ ಯಶಸ್ವಿಯಾಗಿತ್ತು. ಈ ಓಣಿ ಮಾತ್ರ ದಿನ ಎಣಿಸಿ ಕೊಡ ತೊಳೆದಿಡುತ್ತಿದೆ.

ಹತ್ತು ಗಂಟೆಗೆ ಬಿಸಿಲು ಸಣ್ಣಗೆ ಇಣುಕುತ್ತದೆ. ಮೂಲೆಯ ಅಂಗಡಿಯಲ್ಲಿ ಮಿರ್ಚಿ ಎಣ್ಣೆಗೆ ಬಿದ್ದು ಚುರುಗುಟ್ಟುತ್ತದೆ. ಗಿರ್ಮಿಟ್‌ಗೆ ಉಳ್ಳಾಗಡ್ಡಿ ಹೆಚ್ಚುತ್ತಿರುವವನು ತಲೆಯೆತ್ತದೆಯೇ ಈ ಸಲದ ವಾರ್ಡಿನ ಗಡಿ ವಿವರಿಸುತ್ತಾನೆ. 67 ಇದ್ದ ವಾರ್ಡುಗಳು 82 ಆಗಿ, ಎದುರುಬದುರು ಮನೆಗಳೂ ಬೇರೆ ಬೇರೆ ವಾರ್ಡಿಗೆ ಹಂಚಿಹೋಗಿವೆಯಂತೆ. ಮುಖ್ಯರಸ್ತೆಯಲ್ಲಿ ದೊಡ್ಡ ಪಕ್ಷದ ಆಟೋ ಮೈಕಿನಲ್ಲಿ ಕೂಗುತ್ತ ಹೋದರೆ ಈಕೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾಳೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದದ್ದರಿಂದಲೇ ಹೊಲಿಗೆ ಯಂತ್ರದ ಮುಂದಿನಿಂದೆದ್ದು ಇಷ್ಟು ದೂರ ನಡೆದು ಬರುವ ಧೈರ್ಯ ತನಗೆ ಬಂತು ಎನ್ನುತ್ತಾಳೆ.

ಸೆಪ್ಟೆಂಬರ್ 3ರಂದು ಮತದಾನ ನಡೆಯಿತು. ಮತದಾರರ ಪಟ್ಟಿಯಲ್ಲಿದ್ದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಮತಗಟ್ಟೆಯ ಕಡೆ ಸುಳಿಯಲೇ ಇಲ್ಲ. 6ರಂದು ಎಣಿಕೆ ಮುಗಿದಾಗ ಬಿಜೆಪಿ 39, ಕಾಂಗ್ರೆಸ್ 33, ಎಐಎಂಐಎಂ 3, ಜೆಡಿಎಸ್ 1, ಪಕ್ಷೇತರರು 6 ಕಡೆ ಗೆದ್ದಿದ್ದರು. ನಾವು ಜತೆಗೆ ನಡೆದ ಹೆಣ್ಣುಮಗಳು ಆ ಆರರಲ್ಲಿ ಇರಲಿಲ್ಲ. ಗೆದ್ದವರಿಗೂ ಸಭಾಂಗಣ ಬೇಗ ಸಿಗಲಿಲ್ಲ. ಮೇಯರ್ ಆಯ್ಕೆ ನಡೆದದ್ದು 2022ರ ಮೇ ತಿಂಗಳಲ್ಲಿ.

ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ 198 ಸದಸ್ಯರ ಅವಧಿ ಮುಗಿದ ಮೇಲೆ ಅಲ್ಲಿಯೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ವಿಧಾನಸೌಧಕ್ಕೆ ಯಾರು ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಅಡಿಗೆಮನೆಯ ನೀರಿಗೂ ಅಂಗಳದ ಗಟಾರಕ್ಕೂ ಉತ್ತರ ಹೇಳಬೇಕಾದ ಕುರ್ಚಿ ಖಾಲಿ ಬಿದ್ದರೆ ಸುಮ್ಮನಿರುತ್ತೇವೆ. ಸುಮ್ಮನಿರಬೇಡಿ. ನಿಮ್ಮೂರಿನ ಪಾಲಿಕೆ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಲಿ ಎಂದು ಕೇಳಿ. ನಡೆದಾಗ, ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ನಿಲ್ಲಿಸಿಕೊಂಡು ನಿಮ್ಮ ಓಣಿಯ ಕಷ್ಟ ಬರೆಸಿ, ಆಮೇಲೆ ಹೋಗಿ ಮತ ಹಾಕಿ.