ಗೇಮಿಂಗ್ ಹೆಡ್‌ಸೆಟ್‌ಗೆ ಸೌಂಡ್ ಕಾರ್ಡ್: ಮೊದಲು ವೈರಿನ ತುದಿ ನೋಡಿ

ಗೇಮಿಂಗ್ ಹೆಡ್‌ಸೆಟ್‌ಗೆ ಬೇರೆ ಸೌಂಡ್ ಕಾರ್ಡ್ ಬೇಕೋ ಬೇಡವೋ ಎಂಬುದು ಅರ್ಧಕ್ಕರ್ಧ ತೀರ್ಮಾನವಾಗುವುದು ಅದರ ವೈರಿನ ತುದಿಯಲ್ಲಿ. ಅಲ್ಲಿ ಯುಎಸ್‌ಬಿ ಪ್ಲಗ್ ಇದ್ದರೆ ವಿಚಾರ ಅಲ್ಲಿಗೇ ಮುಗಿಯಿತು. ಅಂಥ ಹೆಡ್‌ಸೆಟ್‌ನ ಒಳಗೋ, ವೈರಿನ ನಡುವೆ ತೂಗುವ ವಾಲ್ಯೂಮ್ ಡಬ್ಬಿಯಲ್ಲೋ ಪುಟ್ಟ ಸೌಂಡ್ ಕಾರ್ಡೊಂದು ಆಗಲೇ ಕುಳಿತಿರುತ್ತದೆ. ಕಂಪ್ಯೂಟರ್ ಅದಕ್ಕೆ ಕಳಿಸುವುದು ಬರೀ ಅಂಕಿಗಳನ್ನು. ಅವು ಧ್ವನಿಯಾಗುವುದು ಆ ಡಬ್ಬಿಯಲ್ಲಿ. ಕಂಪ್ಯೂಟರಿನೊಳಗೆ ಹತ್ತು ಸಾವಿರ ರೂಪಾಯಿಯ ಕಾರ್ಡ್ ಕೂರಿಸಿದರೂ ಆ ದಾರಿಯಲ್ಲಿ ಅದಕ್ಕೆ ಕೆಲಸವಿಲ್ಲ. 2.4 ಗಿಗಾಹರ್ಟ್ಸ್ ಡಾಂಗಲ್‌ನಿಂದ ನಡೆಯುವ ವೈರ್‌ಲೆಸ್ ಹೆಡ್‌ಸೆಟ್‌ಗೂ ಬ್ಲೂಟೂತ್ ಹೆಡ್‌ಸೆಟ್‌ಗೂ ಇದೇ ಮಾತು. ಸೌಂಡ್ ಕಾರ್ಡಿನ ಆಯ್ಕೆ ಎಂಬುದು ನಿಜವಾಗಿ ಉಳಿಯುವುದು ತುದಿಯಲ್ಲಿ 3.5 ಮಿಲಿಮೀಟರ್ ಪಿನ್ ಇರುವ ಹೆಡ್‌ಸೆಟ್‌ಗಳಿಗೆ ಮಾತ್ರ.

ಅಂಥ ಹೆಡ್‌ಸೆಟ್‌ಗೆ ಕಾರ್ಡು ಮೂರು ಕೆಲಸ ಮಾಡಿಕೊಡಬೇಕು. ಆಟದಿಂದ ಬರುವ ಅಂಕಿಗಳನ್ನು ಏರಿಳಿಯುವ ವೋಲ್ಟೇಜ್ ಆಗಿ ಬದಲಿಸುವುದು ಒಂದು. ಆ ವೋಲ್ಟೇಜ್‌ಗೆ ಕಿವಿಯ ಬಳಿಯ ಪುಟ್ಟ ಸ್ಪೀಕರ್‌ಗಳನ್ನು ಅಲುಗಾಡಿಸುವಷ್ಟು ಬಲ ಕೊಡುವುದು ಇನ್ನೊಂದು. ಇದು ಆಂಪ್ಲಿಫೈಯರ್‌ನ ಪಾಲು. ಮೂರನೆಯದು ಇದರ ತಿರುಗುಮುರುಗು: ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸಿ ಮತ್ತೆ ಅಂಕಿಯಾಗಿಸುವುದು. ಇಂದಿನ ಮದರ್‌ಬೋರ್ಡ್‌ಗಳೂ ಲ್ಯಾಪ್‌ಟಾಪ್‌ಗಳೂ ಬಹುಪಾಲು ಈ ಮೂರನ್ನೂ ತಾವೇ ಮಾಡುತ್ತವೆ. ಹಾಗಿದ್ದರೂ ಬೇರೆ ಕಾರ್ಡು ಬೇಕೇ ಬೇಕು ಎಂಬ ನಂಬಿಕೆ ಗೇಮರ್‌ಗಳಲ್ಲಿ ಉಳಿದಿರುವುದಕ್ಕೆ ಕಾರಣ ಹಳೆಯದು.

1981ರ ಐಬಿಎಂ ಪಿಸಿಗೆ ಇದ್ದದ್ದು ಬೀಪ್ ಎನ್ನುವ ಒಂದು ಸಣ್ಣ ಸ್ಪೀಕರ್ ಅಷ್ಟೆ. 1987ರಲ್ಲಿ ಕೆನಡಾದ ಆ್ಯಡ್‌ಲಿಬ್ ಕಂಪನಿ ಯಮಾಹಾ ಚಿಪ್ ಬಳಸಿ ಸಂಗೀತದ ಕಾರ್ಡ್ ತಂದಿತು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಬಿಡುಗಡೆ ಮಾಡಿದ ಸೌಂಡ್ ಬ್ಲಾಸ್ಟರ್ ಅದೇ ಯಮಾಹಾ ಚಿಪ್ಪಿನ ಜತೆಗೆ ಮುದ್ರಿತ ಧ್ವನಿಯನ್ನೂ ನುಡಿಸುತ್ತಿತ್ತು. ಜಾಯ್‌ಸ್ಟಿಕ್‌ಗೆ ಜಾಗವನ್ನೂ ಕೊಟ್ಟಿತ್ತು. ಆ ಕಾಲದಲ್ಲಿ ಕಾರ್ಡ್ ಇಲ್ಲದ ಪಿಸಿ ಮೂಗ. 1990ರ ದಶಕದ ಕೊನೆಗೆ ಪೈಪೋಟಿ ಮೂರು ಆಯಾಮದ ಧ್ವನಿಗೆ ತಿರುಗಿತು. ಒಂದು ಕಡೆ ಆರಿಯಲ್ ಕಂಪನಿಯ ಎ3ಡಿ, ಇನ್ನೊಂದು ಕಡೆ ಕ್ರಿಯೇಟಿವ್‌ನ ಇಎಎಕ್ಸ್. 1998ರ 'ಹಾಫ್-ಲೈಫ್' ಆಟ ಎರಡಕ್ಕೂ ಒಗ್ಗುತ್ತಿತ್ತು. ಈ ಇಬ್ಬರ ಜಗಳ ಕೋರ್ಟಿಗೂ ಹೋಯಿತು. ಆರಿಯಲ್ ಗೆದ್ದಿತು, ಆದರೆ ವ್ಯಾಜ್ಯದ ಖರ್ಚು ಹೊರಲಾರದೆ ದಿವಾಳಿಯೆದ್ದಿತು. 2000ದಲ್ಲಿ ಅದರ ಆಸ್ತಿಯನ್ನು ಕೊಂಡದ್ದು ಸೋತ ಕ್ರಿಯೇಟಿವ್ ಕಂಪನಿಯೇ.

ಕಾರ್ಡುಗಳ ವೈಭವಕ್ಕೆ ತೆರೆ ಎಳೆದದ್ದು ವಿಂಡೋಸ್ ವಿಸ್ಟಾ. 2007ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಮೈಕ್ರೋಸಾಫ್ಟ್ ಧ್ವನಿಯ ಮಾರ್ಗವನ್ನೇ ಹೊಸದಾಗಿ ಬರೆಯಿತು, ಆಟಗಳು ಕಾರ್ಡಿನ ಚಿಪ್ಪನ್ನು ನೇರವಾಗಿ ಮುಟ್ಟುತ್ತಿದ್ದ ದಾರಿ ಮುಚ್ಚಿತು. ಅಷ್ಟರಲ್ಲಿ ಪ್ರೊಸೆಸರ್‌ಗಳೂ ಬಲಿತಿದ್ದವು. ಇಂದು ಹೆಜ್ಜೆ ಸಪ್ಪಳ, ಗುಂಡಿನ ಸದ್ದು, ಗೋಡೆಯ ಪ್ರತಿಧ್ವನಿ ಎಲ್ಲವನ್ನೂ ಬೆರೆಸುವುದು ಆಟದ ತಂತ್ರಾಂಶವೇ. ಕಾರ್ಡ್ ಹಾಕಿದರೆ ಆಟದ ವೇಗ ಹೆಚ್ಚುತ್ತದೆ ಎಂಬ ಮಾತು ಒಂದು ಕಾಲಕ್ಕೆ ತುಸು ನಿಜವಾಗಿತ್ತು, ಈಗ ಅಲ್ಲ.

ಇತ್ತ ಮದರ್‌ಬೋರ್ಡಿನ ಧ್ವನಿಯೂ ಸುಧಾರಿಸುತ್ತ ಬಂತು. ಇಂಟೆಲ್ 1997ರಲ್ಲಿ ಎಸಿ'97 ಎಂಬ ಮಾನದಂಡವನ್ನೂ 2004ರಲ್ಲಿ ಎಚ್‌ಡಿ ಆಡಿಯೊವನ್ನೂ ರೂಪಿಸಿತು. ತೈವಾನಿನ ರಿಯಲ್‌ಟೆಕ್ ಕಂಪನಿಯ ಚಿಪ್‌ಗಳು ಮದರ್‌ಬೋರ್ಡ್‌ಗಳ ತುಂಬ ಹರಡಿದವು. ಈ ಚಿಪ್‌ಗಳ ವಿವರಪಟ್ಟಿಯಲ್ಲಿ ಸದ್ದಿಗೂ ಗದ್ದಲಕ್ಕೂ ಇರುವ ಅಂತರವನ್ನು ಡೆಸಿಬೆಲ್‌ನಲ್ಲಿ ಬರೆದಿರುತ್ತಾರೆ: ಅಗ್ಗದವುಗಳಲ್ಲಿ ನೂರರ ಆಸುಪಾಸು, ಎಎಲ್‌ಸಿ1220ರಂಥ ಮೇಲ್ದರ್ಜೆಯದರಲ್ಲಿ 120. ಕ್ರಿಯೇಟಿವ್‌ನ ಜಿ6 ಎಂಬ ಯುಎಸ್‌ಬಿ ಸಾಧನ 130 ಎನ್ನುತ್ತದೆ. ಸಿ.ಡಿ.ಯ 16 ಬಿಟ್ ಧ್ವನಿಯ ಹರವೇ ಸುಮಾರು 96 ಡೆಸಿಬೆಲ್. ಆಟದ ಅತಿ ಜೋರಿನ ಸ್ಫೋಟ ಕಿವಿಯಲ್ಲಿ 100 ಡೆಸಿಬೆಲ್ ಮುಟ್ಟಿತೆಂದು ಇಟ್ಟುಕೊಂಡರೂ, 95ರ ಅಂತರದ ಚಿಪ್ಪಿನ ಗದ್ದಲ 5 ಡೆಸಿಬೆಲ್ ಮಟ್ಟದಲ್ಲಿರುತ್ತದೆ. ಸದ್ದಿಲ್ಲದ ಕೋಣೆಯಲ್ಲೂ 30 ಡೆಸಿಬೆಲ್ ಇರುವಾಗ ಅದು ಯಾರ ಕಿವಿಗೂ ಬೀಳದು. ಡಬ್ಬದ ಮೇಲೆ 120ಕ್ಕೂ 130ಕ್ಕೂ ಇರುವ ವ್ಯತ್ಯಾಸ ಗಿರಾಕಿಯ ಕಣ್ಣಿಗಾಗಿ, ಕಿವಿಗಾಗಿ ಅಲ್ಲ.

ಹಾಗಾದರೆ ಮದರ್‌ಬೋರ್ಡಿನ ಜ್ಯಾಕ್‌ಗೆ ಚುಚ್ಚಿದ ಹೆಡ್‌ಸೆಟ್‌ನಲ್ಲಿ ಕೆಲವೊಮ್ಮೆ ಸೊಂಯ್, ಕಿರ್ ಎನ್ನುವ ಸದ್ದು ಕೇಳುವುದೇಕೆ? ಚಿಪ್ ಕೆಟ್ಟದ್ದೆಂದಲ್ಲ, ಅದು ಕುಳಿತ ಜಾಗ ಕೆಟ್ಟದ್ದು. ಗ್ರಾಫಿಕ್ಸ್ ಕಾರ್ಡ್ ಕ್ಷಣಕ್ಕೊಮ್ಮೆ ವಿದ್ಯುತ್ತನ್ನು ಎಳೆದು ಬಿಡುತ್ತಿರುತ್ತದೆ; ಮೌಸ್ ಸರಿದಾಗ, ಪರದೆ ಉರುಳಿದಾಗ ಆ ಏರಿಳಿತ ಧ್ವನಿಯ ದಾರಿಗೆ ಸೋರುತ್ತದೆ. ಕ್ಯಾಬಿನೆಟ್‌ನ ಮುಂಭಾಗದ ಜ್ಯಾಕ್‌ಗೆ ಹೋಗುವ ತೆಳು ತಂತಿ ಇಡೀ ಬೋರ್ಡಿನ ಮೇಲೆ ಹಾದುಹೋಗುವುದರಿಂದ ಅಲ್ಲಿ ಕಾಟ ಜಾಸ್ತಿ. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಪಿನ್ನನ್ನು ಹಿಂಭಾಗದ ಹಸಿರು ಜ್ಯಾಕ್‌ಗೆ ಚುಚ್ಚಿ ನೋಡುವುದು ಒಳ್ಳೆಯದು. ಸದ್ದು ಅಲ್ಲೂ ಇದ್ದರೆ ಆಗ ಹೊರಗಿನ ಯುಎಸ್‌ಬಿ ಕಾರ್ಡಿನ ಮಾತು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಕೇಳಬೇಕು. ಆಗ ಗುಂಯ್‌ಗುಡುವಿಕೆ ನಿಂತರೆ ದೋಷ ಕರೆಂಟಿನ ಕಡೆಯದು.

ಈ ಕರೆಂಟಿನ ಕಡೆಯ ದೋಷ ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಅರ್ಥಿಂಗ್ ಇಲ್ಲದ ಹಳೆಯ ಸಾಕೆಟ್, ಮೂರನೇ ಪಿನ್ ಮುರಿದ ಪ್ಲಗ್, ಎರಡೇ ತಂತಿಯ ಎಕ್ಸ್‌ಟೆನ್ಶನ್ ಬೋರ್ಡ್. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಚುರ್ ಎನ್ನುವ ಮನೆಯಲ್ಲಿ 50 ಹರ್ಟ್ಸ್‌ನ ಗುಂಯ್ ಸದ್ದು ಹೆಡ್‌ಸೆಟ್‌ಗೂ ಬರಬಹುದು. ಕರೆಂಟು ಹೋದಾಗ ಮಾತ್ರ ಸದ್ದು ಶುರುವಾಗುತ್ತದೆ ಎಂದಾದರೆ ಅನುಮಾನಿಸಬೇಕಾದ್ದು ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರನ್ನು. ಇಂಥಲ್ಲಿ ಕರೆಯಬೇಕಾದ್ದು ಎಲೆಕ್ಟ್ರಿಷಿಯನ್‌ನನ್ನು. ಯುಎಸ್‌ಬಿ ಕಾರ್ಡೂ ಅದೇ ಕಂಪ್ಯೂಟರಿನ 5 ವೋಲ್ಟ್‌ನಿಂದ ಬದುಕುವುದರಿಂದ ಈ ಕಾಟವನ್ನು ಪೂರ್ತಿ ತಪ್ಪಿಸಲಾರದು.

ಬೇರೆ ಕಾರ್ಡ್ ಕೊಳ್ಳಲು ಎರಡನೆಯ ನಿಜವಾದ ಕಾರಣ ಬಲದ ಕೊರತೆ. ಇಲ್ಲಿ ತುಸು ಲೆಕ್ಕ ಬೇಕು, ಕಷ್ಟದ್ದಲ್ಲ. ಹೆಡ್‌ಸೆಟ್‌ನ ವಿವರದಲ್ಲಿ ಎರಡು ಸಂಖ್ಯೆಗಳಿರುತ್ತವೆ: ಓಮ್‌ನಲ್ಲಿ ಇಂಪೀಡೆನ್ಸ್, ಅಂದರೆ ತಡೆ, ಡೆಸಿಬೆಲ್‌ನಲ್ಲಿ ಸೆನ್ಸಿಟಿವಿಟಿ, ಅಂದರೆ ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಸದ್ದು ಎಂಬುದು. 32 ಓಮ್, 98 ಡೆಸಿಬೆಲ್‌ನ ಒಂದು ಗೇಮಿಂಗ್ ಹೆಡ್‌ಸೆಟ್ ತೆಗೆದುಕೊಳ್ಳಿ. ಕ್ಷಣಮಾತ್ರದ ಸ್ಫೋಟಕ್ಕೆ 110 ಡೆಸಿಬೆಲ್ ಬೇಕೆಂದರೂ ಸಾಲುವುದು ಸುಮಾರು 16 ಮಿಲಿವ್ಯಾಟ್, ಅಂದರೆ 0.7 ವೋಲ್ಟ್. ಸಾಧಾರಣ ಮದರ್‌ಬೋರ್ಡ್ 1 ವೋಲ್ಟ್ ಆದರೂ ಕೊಡುತ್ತದೆ. ಅದಕ್ಕೆ ಇದು ನೀರು ಕುಡಿದಷ್ಟು ಸುಲಭ. ಅದೇ ಸ್ಟುಡಿಯೊಗಳಿಗೆಂದು ತಯಾರಾಗಿ ಗೇಮರ್‌ಗಳಿಗೂ ಪ್ರಿಯವಾದ ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ತೆಗೆದುಕೊಂಡರೆ ಚಿತ್ರ ಬೇರೆ: 250 ಓಮ್, 96 ಡೆಸಿಬೆಲ್. ಅಷ್ಟೇ ಸದ್ದಿಗೆ 25 ಮಿಲಿವ್ಯಾಟ್ ಬೇಕು, ವೋಲ್ಟೇಜ್ ಮಾತ್ರ 2.5ಕ್ಕೆ ಏರುತ್ತದೆ. ಲ್ಯಾಪ್‌ಟಾಪ್ ಜ್ಯಾಕ್ ಇಲ್ಲಿ ಏದುಸಿರು ಬಿಡುತ್ತದೆ. ಹೆಡ್‌ಫೋನ್ ಆಂಪ್ಲಿಫೈಯರ್ ಇರುವ ಕಾರ್ಡಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಂಥ ಹೆಡ್‌ಫೋನ್‌ಗಳಿದ್ದಾಗ. ಗೇಮಿಂಗ್ ಎಂದೇ ಮಾರುವ ಹೆಡ್‌ಸೆಟ್‌ಗಳ ಬಹುಪಾಲು 16ರಿಂದ 64 ಓಮ್‌ನೊಳಗೆ ಇರುತ್ತವೆ.

ತಡೆ ಹೆಡ್‌ಸೆಟ್‌ನಲ್ಲಿ ಮಾತ್ರವಲ್ಲ, ಜ್ಯಾಕ್‌ನಲ್ಲೂ ಇರುತ್ತದೆ. ಇದನ್ನು ಅಂಗಡಿಯವರು ಹೇಳುವುದು ಕಡಿಮೆ. ಕೆಲವು ಮದರ್‌ಬೋರ್ಡ್‌ಗಳ ಹಿಂಭಾಗದ ಜ್ಯಾಕ್‌ನ ತಡೆ 75 ಓಮ್ ತನಕ ಇರುವುದುಂಟು. ಅದಕ್ಕೆ 32 ಓಮ್‌ನ ಹೆಡ್‌ಸೆಟ್ ಚುಚ್ಚಿದರೆ ಹೊರಟ ವೋಲ್ಟೇಜ್‌ನಲ್ಲಿ ಶೇ 30ರಷ್ಟು ಮಾತ್ರ ಕಿವಿಯ ಬಳಿ ತಲುಪುತ್ತದೆ. ಸದ್ದು ಕುಗ್ಗಿದರೆ ವಾಲ್ಯೂಮ್ ಏರಿಸಬಹುದು. ಆದರೆ ಸ್ಪೀಕರಿನ ತಡೆ ಎಲ್ಲ ಸ್ವರಕ್ಕೂ ಒಂದೇ ಆಗಿರದ ಕಾರಣ ಕೆಳಸ್ವರ ಊದಿಕೊಂಡು ಉಳಿದದ್ದು ಹಿಂದೆ ಸರಿಯುತ್ತದೆ. ಹೆಜ್ಜೆ ಸಪ್ಪಳದ ಮೇಲೆ ದಡದಡ ಬಾಸ್ ಕವುಚಿಕೊಳ್ಳುತ್ತದೆ. ಕಾರ್ಡಿನ ತಡೆ ಹೆಡ್‌ಸೆಟ್‌ನ ಎಂಟನೇ ಒಂದು ಭಾಗದೊಳಗೆ ಇರಲಿ ಎಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ: 32 ಓಮ್‌ಗೆ 4 ಓಮ್. ವಿವರಪಟ್ಟಿಯಲ್ಲಿ ಹುಡುಕಿ ನೋಡಬೇಕಾದ ಒಂದೇ ಅಂಕಿ ಯಾವುದೆಂದರೆ ಇದೇ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಮಾತ್ರ ಬೇರೆ: 7.1 ಸರೌಂಡ್, ಅಂದರೆ ಸುತ್ತಲೂ ಏಳು ಸ್ಪೀಕರ್, ಬಾಸ್‌ಗೆ ಇನ್ನೊಂದು ಎಂಬ ಲೆಕ್ಕ. ಕಿವಿ ಇರುವುದು ಎರಡು, ಹೆಡ್‌ಸೆಟ್‌ನಲ್ಲಿ ಸ್ಪೀಕರ್‌ಗಳೂ ಸಾಮಾನ್ಯವಾಗಿ ಎರಡೇ. ಆದರೂ ದಿಕ್ಕು ತಿಳಿಯುವುದು ಸುಳ್ಳಲ್ಲ. ಬಲಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮುಟ್ಟಲು ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಮುಕ್ಕಾಲಿಗೂ ಕಡಿಮೆ ಹೊತ್ತು ತಡವಾಗುತ್ತದೆ. ಎತ್ತರದ ಸ್ವರಗಳಿಗೆ ತಲೆಯೇ ಅಡ್ಡವಾಗಿ ಆ ಕಡೆ ಸದ್ದು ತಗ್ಗುತ್ತದೆ. ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲಿ ವಿವರಿಸಿದ್ದು ಇದನ್ನೇ. ಮುಂದೆಯೋ ಹಿಂದೆಯೋ, ಮೇಲೋ ಕೆಳಗೋ ಎಂಬುದನ್ನು ಮಿದುಳು ಅರಿಯುವುದು ಹೊರಕಿವಿಯ ಮಡಿಕೆಗಳು ಸದ್ದನ್ನು ತಿದ್ದುವ ಬಗೆಯಿಂದ. ಈ ತಿದ್ದುಪಡಿಗಳ ಗಣಿತರೂಪಕ್ಕೆ ಎಚ್‌ಆರ್‌ಟಿಎಫ್ ಎಂದು ಹೆಸರು. ಒಬ್ಬರ ಕಿವಿಯಂತೆ ಇನ್ನೊಬ್ಬರದು ಇರದ್ದರಿಂದ ಒಬ್ಬ ಆಟಗಾರನಿಗೆ ಕರಾರುವಾಕ್ಕಾಗಿ ಕೇಳುವ ಸರೌಂಡ್ ಮತ್ತೊಬ್ಬನಿಗೆ ಬಚ್ಚಲುಮನೆಯ ದನಿಯಂತೆ ಕೇಳಿಸೀತು.

ಈ ಲೆಕ್ಕ ಮಾಡಲು ಕಾರ್ಡೇ ಬೇಕೆಂದಿಲ್ಲ. ಕೌಂಟರ್-ಸ್ಟ್ರೈಕ್ 2ರಂಥ ಆಟಗಳು ತಾವೇ ಮಾಡುತ್ತವೆ. ವ್ಯಾಲರಂಟ್‌ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೊಂದು ಗುಂಡಿಯಿದೆ. ವಿಂಡೋಸ್‌ನಲ್ಲಿ ವಿಂಡೋಸ್ ಸೋನಿಕ್ ಉಚಿತ, ಹೆಡ್‌ಫೋನಿನ ಡಾಲ್ಬಿ ಅಟ್ಮಾಸ್‌ಗೆ ದುಡ್ಡು. ತೊಂದರೆ ಶುರುವಾಗುವುದು ಆಟದ ಎಚ್‌ಆರ್‌ಟಿಎಫ್ ಮೇಲೆ ಕಾರ್ಡಿನ 7.1, ಅದರ ಮೇಲೆ ವಿಂಡೋಸ್‌ನ ಸರೌಂಡ್ ಎಲ್ಲವೂ ಒಟ್ಟಿಗೆ ಚಾಲೂ ಆದಾಗ. ಹಾಲಿಗೆ ಮೂರು ಸಲ ಸಕ್ಕರೆ ಹಾಕಿದ ಹಾಗೆ, ದಿಕ್ಕುಗಳೆಲ್ಲ ಕಲಸಿಹೋಗುತ್ತವೆ. ಒಂದನ್ನು ಇಟ್ಟುಕೊಂಡು ಉಳಿದವನ್ನು ಆಫ್ ಮಾಡಬೇಕು. ಆಟದ ಒಳಗೇ ಸೌಕರ್ಯ ಇದ್ದರೆ ಅದಕ್ಕೇ ಮೊದಲ ಮಣೆ, ಏಕೆಂದರೆ ಪ್ರತಿ ಸದ್ದು ಎಲ್ಲಿ ಹುಟ್ಟಿತೆಂದು ಆಟಕ್ಕೆ ಗೊತ್ತು, ಕಾರ್ಡಿಗೆ ಗೊತ್ತಿಲ್ಲ. ಹೆಜ್ಜೆ ಸಪ್ಪಳವನ್ನು ಎತ್ತಿ ಕೇಳಿಸುವ ಕ್ರಿಯೇಟಿವ್‌ನ ಸ್ಕೌಟ್ ಮೋಡ್‌ನಂಥ ಸೌಲಭ್ಯ ಕೆಲವರಿಗೆ ನಿಜಕ್ಕೂ ಉಪಯೋಗ. ಉಚಿತ ಈಕ್ವಲೈಸರ್ ತಂತ್ರಾಂಶದಲ್ಲಿ ಬಾಸ್ ಇಳಿಸಿ ಮೇಲಿನ ಸ್ವರಗಳನ್ನು ತುಸು ಏರಿಸಿದರೂ ಬಹುಮಟ್ಟಿಗೆ ಅದೇ ಕೆಲಸವಾಗುತ್ತದೆ.

ಕೊಳ್ಳುವಾಗ ಮರೆತೇಹೋಗುವುದು ಮೈಕು. ಫೋನಿನಂತೆ ಒಂದೇ ಪಿನ್‌ನಲ್ಲಿ ಮೂರು ಕಪ್ಪು ಗೆರೆಗಳಿರುವ ಹೆಡ್‌ಸೆಟ್‌ಗಳಲ್ಲಿ ಎಡ, ಬಲ, ಅರ್ತ್, ಮೈಕ್ ನಾಲ್ಕೂ ಒಂದೇ ಕಡ್ಡಿಯಲ್ಲಿರುತ್ತವೆ. ಡೆಸ್ಕ್‌ಟಾಪ್‌ನಲ್ಲಿ ಹಸಿರು ಮತ್ತು ಗುಲಾಬಿ ಜ್ಯಾಕ್‌ಗಳು ಬೇರೆಬೇರೆ. ಹಸಿರಿಗೆ ನೇರ ಚುಚ್ಚಿದರೆ ಆಟ ಕೇಳಿಸುತ್ತದೆ, ಆಡುವವರ ಮಾತು ಗೆಳೆಯರಿಗೆ ಮುಟ್ಟುವುದಿಲ್ಲ. ಇದಕ್ಕೆ ಮದ್ದು ಎರಡು ಬಾಲದ ಸ್ಪ್ಲಿಟರ್ ವೈರು, ಸೌಂಡ್ ಕಾರ್ಡ್ ಅಲ್ಲ. ಇದನ್ನು ತಿಳಿಯದೆ ಕಾರ್ಡ್ ಕೊಂಡವರು ಬೇಕಾದಷ್ಟು. ಇನ್ನು ಕೊಳ್ಳಲು ಹೊರಟ ಯುಎಸ್‌ಬಿ ಸಾಧನಕ್ಕೆ ಮೈಕಿನ ದಾರಿ ಇದೆಯೇ ಎಂದು ನೋಡಲೇಬೇಕು. ಸಂಗೀತಕ್ಕೆಂದೇ ಮಾಡಿದ ಒಳ್ಳೊಳ್ಳೆಯ ಸಾಧನಗಳಲ್ಲಿ ಅದು ಇರುವುದೇ ಇಲ್ಲ. ತಮ್ಮ ದನಿ ತಮಗೇ ಕೇಳಿಸುವ ಸೈಡ್‌ಟೋನ್ ಇದ್ದರೆ ರಾತ್ರಿ ಮನೆಮಂದಿ ಮಲಗಿದಾಗ ಕೂಗಾಡುವುದು ತಪ್ಪುತ್ತದೆ.

ಒಳಗಿನ ಕಾರ್ಡೋ ಹೊರಗಿನದೋ ಎಂಬುದಕ್ಕೆ ಈಗ ಹೆಚ್ಚು ಚರ್ಚೆ ಬೇಕಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಸ್ಲಾಟ್ ಬೇಕು. ಇಂದಿನ ದಪ್ಪ ಗ್ರಾಫಿಕ್ಸ್ ಕಾರ್ಡ್ ಪಕ್ಕದ ಸ್ಲಾಟನ್ನು ನುಂಗಿಬಿಡುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಹಳೆಯ ಸೌಂಡ್ ಬ್ಲಾಸ್ಟರ್ ಲೈವ್, ಆಡಿಜಿ ಕಂಡರೆ ನೆನಪಿಗಾಗಿ ಕೊಳ್ಳಬಹುದೇ ಹೊರತು, ಅವುಗಳ ಪಿಸಿಐ ಸ್ಲಾಟ್ ಹೊಸ ಬೋರ್ಡ್‌ಗಳಲ್ಲಿ ಇಲ್ಲ. ಯುಎಸ್‌ಬಿ ಸಾಧನ ಲ್ಯಾಪ್‌ಟಾಪ್‌ಗೂ ಡೆಸ್ಕ್‌ಟಾಪ್‌ಗೂ ಬರುತ್ತದೆ, ಹೆಚ್ಚಿನವು ಪ್ಲೇಸ್ಟೇಷನ್ 5ಕ್ಕೂ ಆಗುತ್ತವೆ; ಎಕ್ಸ್‌ಬಾಕ್ಸ್ ಮಾತ್ರ ಕಂಡಕಂಡ ಯುಎಸ್‌ಬಿ ಕಾರ್ಡನ್ನು ಒಪ್ಪುವುದಿಲ್ಲ. ನೂರಿನ್ನೂರು ರೂಪಾಯಿಗೆ ಸಿಗುವ, ಮೇಲೆ 7.1 ಎಂದು ಅಚ್ಚಾದ ಪ್ಲಾಸ್ಟಿಕ್ ಡಾಂಗಲ್ ಸ್ಟೀರಿಯೊ ಸಾಧನವೇ. ಜ್ಯಾಕ್ ಮುರಿದ ಲ್ಯಾಪ್‌ಟಾಪ್‌ಗೆ ತಾತ್ಕಾಲಿಕವಾಗಿ ಪರವಾಗಿಲ್ಲ, ಮೈಕಿನಲ್ಲಿ ಗದ್ದಲ ಇದ್ದೇ ಇರುತ್ತದೆ. ಫೋನಿಗೆಂದು ಆ್ಯಪಲ್ ಮಾರುವ ಯುಎಸ್‌ಬಿ-ಸಿ ಅಡಾಪ್ಟರ್ ವಿಂಡೋಸ್‌ನಲ್ಲೂ ನಡೆಯುತ್ತದೆ, ಮೈಕನ್ನೂ ಗುರುತಿಸುತ್ತದೆ, ಸುಮಾರು 1 ವೋಲ್ಟ್ ಕೊಡುತ್ತದೆ. ಯುರೋಪಿಗೆಂದು ಮಾಡಿದ ಮಾದರಿಯಲ್ಲಿ ಅದರರ್ಧ. 32 ಓಮ್‌ನ ಹೆಡ್‌ಸೆಟ್‌ಗೆ ಇಷ್ಟು ಧಾರಾಳ. 250 ಓಮ್‌ನದಕ್ಕೆ ಮಾತ್ರ ಜಿ6ನಂಥ ಆಂಪ್ಲಿಫೈಯರ್ ಸಹಿತದ ದೊಡ್ಡ ಸಾಧನ ಬೇಕು.

ಸಾಧನ ಮನೆಗೆ ಬಂದ ಮೇಲೆ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಕೇಳುವುದಕ್ಕೂ ಮಾತಾಡುವುದಕ್ಕೂ ಅದನ್ನೇ ಆಯ್ದು, 24 ಬಿಟ್, 48 ಕಿಲೊಹರ್ಟ್ಸ್‌ಗೆ ಇಟ್ಟರೆ ಸಾಕು. 384 ಕಿಲೊಹರ್ಟ್ಸ್ ತನಕ ಏರಿಸುವ ಅವಕಾಶ ಇದ್ದರೂ ಆಟದ ಧ್ವನಿಗೆ ಅದರಿಂದ ಸಿಗುವುದು ಏನೂ ಇಲ್ಲ. ಎಚ್ಚರ ಬೇಕಾದ್ದು ಸದ್ದಿನ ಮಟ್ಟದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ಅಷ್ಟೇ ಹೊತ್ತು. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕಿಳಿಯುತ್ತದೆ: 89 ಡೆಸಿಬೆಲ್‌ಗೆ ವಾರಕ್ಕೆ ಐದೇ ಗಂಟೆ. 250 ಓಮ್‌ಗಾಗಿ ಬಲ ತುಂಬಿಕೊಂಡ ಕಾರ್ಡಿಗೆ 32 ಓಮ್‌ನ ಹೆಡ್‌ಸೆಟ್ ಚುಚ್ಚುವ ಮುನ್ನ ಬಲವನ್ನು ಹೆಚ್ಚುಕಡಿಮೆ ಮಾಡುವ ಗೇನ್ ಗುಂಡಿಯನ್ನು ಲೋ ಕಡೆಗೆ ಸರಿಸಿ, ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಹೆಡ್‌ಸೆಟ್ ತಲೆಗೇರಿಸಿದ ಮೇಲೆ ನಿಧಾನವಾಗಿ ಏರಿಸಿಕೊಳ್ಳಬೇಕು.