ಮೆಸ್ಸಿಯನ್ನು ಉಳಿಸಿಕೊಳ್ಳಲಾಗದ ಕ್ಲಬ್, ಮರುವರ್ಷವೇ ಲೆವಾಂಡೊವ್‌ಸ್ಕಿಯನ್ನು ಕೊಂಡಿದ್ದು ಹೇಗೆ?

2021ರ ಆಗಸ್ಟ್ 8. ಬಾರ್ಸಿಲೋನಾದ ಪತ್ರಿಕಾಗೋಷ್ಠಿಯಲ್ಲಿ ಲಿಯೊನೆಲ್ ಮೆಸ್ಸಿ ಅತ್ತುಬಿಟ್ಟರು. ಸಂಬಳವನ್ನು ಅರ್ಧಕ್ಕೆ ಇಳಿಸಿಕೊಳ್ಳಲೂ ತಾನು ಒಪ್ಪಿದ್ದಾಗಿ ಹೇಳಿದರು. ಆದರೂ ಕ್ಲಬ್ಬಿಗೆ ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಮರುವರ್ಷ ಜುಲೈನಲ್ಲಿ ಅದೇ ಕ್ಲಬ್ ಸುಮಾರು 4.5 ಕೋಟಿ ಯುರೋ ಕೊಟ್ಟು ರಾಬರ್ಟ್ ಲೆವಾಂಡೊವ್‌ಸ್ಕಿಯನ್ನು ಕರೆತಂದಿತು. ಜೊತೆಗೆ ರಫೀನ್ಯಾ, ಕೂಂಡೆ.

ದಿವಾಳಿ ಅಂಚಿನಲ್ಲಿದ್ದ ಕ್ಲಬ್ಬಿಗೆ ಒಂದೇ ವರ್ಷದಲ್ಲಿ ದುಡ್ಡು ಎಲ್ಲಿಂದ ಬಂತು?

ಕಾಗದದ ಮೇಲಿನ ಕಂತು

2017ರಲ್ಲಿ ಪಿಎಸ್‌ಜಿ 22.2 ಕೋಟಿ ಯುರೋ ಕೊಟ್ಟು ನೇಮಾರ್‌ನನ್ನು ಕರೆದೊಯ್ದಿತು. ಆ ದುಡ್ಡು ಬಾರ್ಸಾದ ಕೈಯಲ್ಲಿ ನಿಲ್ಲಲಿಲ್ಲ. ಡೆಂಬೆಲೆ, ಕುಟಿನ್ಯೊ, 2019ರಲ್ಲಿ ಗ್ರೀಜ್‌ಮನ್, ಹೀಗೆ ಒಬ್ಬೊಬ್ಬರಿಗೂ 10 ಕೋಟಿ ದಾಟಿದ ಬೆಲೆ.

ಇಲ್ಲೊಂದು ಲೆಕ್ಕ ಗೊತ್ತಿರಬೇಕು. ಗ್ರೀಜ್‌ಮನ್‌ಗೆ 12 ಕೋಟಿ ಯುರೋ ಕೊಟ್ಟರೆ ಪುಸ್ತಕದಲ್ಲಿ ಆ ವರ್ಷ 12 ಕೋಟಿ ಖರ್ಚು ಅಂತ ಬರೆಯೋದಿಲ್ಲ. ಐದು ವರ್ಷದ ಒಪ್ಪಂದಕ್ಕೆ ಹಂಚಿ, ವರ್ಷಕ್ಕೆ 2.4 ಕೋಟಿ ಅಂತ ತೋರಿಸ್ತಾರೆ. ಇದರಲ್ಲಿ ಮೋಸವೇನಿಲ್ಲ, ಕಾರ್ಖಾನೆಯ ಯಂತ್ರಕ್ಕೂ ಇದೇ ಪದ್ಧತಿ. ಆದರೆ ಕೊಳ್ಳುವ ಹೊತ್ತಿಗೆ ಎಲ್ಲವೂ ಅಗ್ಗ ಅನಿಸುತ್ತೆ. ನಾಲ್ಕು ವರ್ಷ ಹೀಗೆ ಕೊಂಡರೆ ಹಳೆಯ ಕಂತುಗಳೆಲ್ಲ ಒಟ್ಟಿಗೆ ತಲೆ ಮೇಲೆ ಕೂರುತ್ತವೆ.

ಮಾರಾಟದ ಲೆಕ್ಕ ಇದಕ್ಕೆ ಉಲ್ಟಾ. ಲಾಭವನ್ನು ಅದೇ ವರ್ಷ ಪೂರ್ತಿ ತೋರಿಸಬಹುದು. 2020ರ ಜೂನ್ 29ರಂದು, ಅಂದ್ರೆ ಲೆಕ್ಕದ ವರ್ಷ ಮುಗಿಯಲು ಒಂದೇ ದಿನ ಇದ್ದಾಗ, ಬಾರ್ಸಾ 23 ವರ್ಷದ ಆರ್ಥರ್‌ನನ್ನು 7.2 ಕೋಟಿಗೆ ಯುವೆಂಟಸ್‌ಗೆ ಕೊಟ್ಟು, 30 ವರ್ಷದ ಪ್ಯಾನಿಚ್‌ನನ್ನು 6 ಕೋಟಿಗೆ ತಂದಿತು. ಅಸಲು ವ್ಯತ್ಯಾಸ 1.2 ಕೋಟಿ. ಪುಸ್ತಕದಲ್ಲಿ ಮಾತ್ರ ಭರ್ಜರಿ ಲಾಭ.

ಕೋವಿಡ್ ಬಂದು ಮೈದಾನ ಖಾಲಿಯಾದಾಗ ಬಣ್ಣ ಬಯಲಾಯಿತು. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲಪೋರ್ತಾ ಹೇಳಿದ ಸಾಲ 135 ಕೋಟಿ ಯುರೋ. ಸಂಬಳ ಮತ್ತು ಇಂಥ ಕಂತುಗಳಿಗೆ ಲಾ ಲಿಗಾ ಒಂದು ಮಿತಿ ಹಾಕುತ್ತದೆ. ಆ ಮಿತಿಯೊಳಗೆ ಮೆಸ್ಸಿಗೆ ಜಾಗವೇ ಉಳಿದಿರಲಿಲ್ಲ.

25 ವರ್ಷದ ಫಸಲು

2022ರಲ್ಲಿ ಲಪೋರ್ತಾ ಕಂಡುಕೊಂಡ ದಾರಿಗೆ 'ಲಿವರ್' ಅಂತ ಹೆಸರಾಯಿತು. ಲಾ ಲಿಗಾ ಟಿವಿ ಆದಾಯದಲ್ಲಿ ಕ್ಲಬ್ಬಿಗೆ ಬರುವ ಪಾಲಿನ ಶೇ 25ನ್ನು ಅಮೆರಿಕದ ಸಿಕ್ಸ್ತ್ ಸ್ಟ್ರೀಟ್ ಎಂಬ ಹೂಡಿಕೆ ಸಂಸ್ಥೆಗೆ 25 ವರ್ಷಕ್ಕೆ ಮಾರಿದರು. ಮಲೆನಾಡಿನ ಕಡೆ ಅಡಿಕೆ ಫಸಲನ್ನು ಮೊದಲೇ ದುಡ್ಡು ತಗೊಂಡು ಚೇಣಿಗೆ ಕೊಡ್ತಾರಲ್ಲ, ಹಾಗೆ. ಆದರೆ ಒಂದು ವರ್ಷದ್ದಲ್ಲ, ಕಾಲು ಶತಮಾನದ ಫಸಲು. ಆ ದುಡ್ಡು ಆದಾಯದ ಲೆಕ್ಕಕ್ಕೆ ಸೇರಿ, ಹೊಸಬರನ್ನು ನೋಂದಾಯಿಸಲು ಜಾಗ ಸಿಕ್ಕಿತು.

2022-23ರಲ್ಲಿ ಲಾ ಲಿಗಾ ಗೆದ್ದರು ಕೂಡ. ಹಾಗಾದ್ರೆ ಲಪೋರ್ತಾ ಮಾಡಿದ್ದು ಸರಿಯಲ್ವಾ?

ನನ್ನ ಅಳತೆಗೋಲು ಸರಳ: ಸಾಲದ ಆಯಸ್ಸು ಎಷ್ಟು, ಅದರಿಂದ ಕೊಂಡ ವಸ್ತುವಿನ ಆಯಸ್ಸು ಎಷ್ಟು? ಕ್ಯಾಂಪ್ ನೌ ಕ್ರೀಡಾಂಗಣದ ನವೀಕರಣಕ್ಕೂ ಕ್ಲಬ್ 2023ರಲ್ಲಿ 145 ಕೋಟಿ ಯುರೋ ಹೊಂದಿಸಿತು. ಮೊತ್ತ ಭಾರಿ, ಅಪಾಯವೂ ಇದೆ. ಆದರೆ ಕ್ರೀಡಾಂಗಣ ದಶಕಗಳ ಕಾಲ ನಿಲ್ಲುತ್ತೆ, ಟಿಕೆಟ್ ಮಾರಿ ತನ್ನ ಸಾಲವನ್ನು ತಾನೇ ತೀರಿಸುವ ಸಾಧ್ಯತೆ ಇದೆ. 34ರ ಹೊಸ್ತಿಲಲ್ಲಿದ್ದ ಸ್ಟ್ರೈಕರ್ ಎಷ್ಟೇ ಗೋಲು ಹೊಡೆದರೂ 25 ವರ್ಷ ಆಡೋದಿಲ್ಲ.

ತೋಟದ ಮನೆಯ ಮಕ್ಕಳು

ನಿಜಕ್ಕೂ ಕ್ಲಬ್ಬನ್ನು ಎತ್ತಿ ನಿಲ್ಲಿಸಿದ್ದರಲ್ಲಿ ದೊಡ್ಡ ಪಾಲು 1979ರಲ್ಲಿ ಶುರುವಾದ ಒಂದು ವಸತಿನಿಲಯದ್ದು. ಲಾ ಮಾಸಿಯಾ. ಕ್ಯಾಟಲನ್ ಭಾಷೆಯಲ್ಲಿ ಹೊಲ-ತೋಟದ ಮನೆ ಅಂತ ಅರ್ಥ. 2010ರ ಬ್ಯಾಲನ್ ಡಿ'ಓರ್ ಅಂತಿಮ ಸುತ್ತಿನಲ್ಲಿದ್ದ ಮೂವರೂ, ಅಂದ್ರೆ ಮೆಸ್ಸಿ, ಇನಿಯೆಸ್ಟಾ, ಝಾವಿ, ಇಲ್ಲೇ ಬೆಳೆದವರು. ಕ್ಲಬ್ ಮುಳುಗುತ್ತಿದ್ದಾಗಲೂ ಈ ಗದ್ದೆಯಲ್ಲಿ ಬಿತ್ತನೆ ನಿಂತಿರಲಿಲ್ಲ. ಗಾವಿ, ಬಾಲ್ಡೆ, ಕುಬಾರ್ಸಿ, ಫೆರ್ಮಿನ್ ಬಂದರು. 2023ರ ಏಪ್ರಿಲ್‌ನಲ್ಲಿ 15 ವರ್ಷದ ಲಮೀನ್ ಯಮಾಲ್ ಕಣಕ್ಕಿಳಿದ. 2024-25ರಲ್ಲಿ ತಂಡ ಲೀಗ್ ಮತ್ತು ಕೋಪಾ ಡೆಲ್ ರೇ ಎರಡನ್ನೂ ಗೆದ್ದಿತು.

ರಫೀನ್ಯಾ, ಕೂಂಡೆ, ಲೆವಾಂಡೊವ್‌ಸ್ಕಿ ಕೂಡ ಆ ಗೆಲುವಿನ ಪಾಲುದಾರರೇ, ಇಲ್ಲ ಅನ್ನೋಕಾಗಲ್ಲ. ಆದರೆ ಯಮಾಲ್‌ಗೆ ವರ್ಗಾವಣೆ ಶುಲ್ಕ ಇರಲಿಲ್ಲ. ಪುಸ್ತಕದಲ್ಲಿ ಅವನ ಬೆಲೆ ಹೆಚ್ಚುಕಡಿಮೆ ಸೊನ್ನೆ. ಅಪಾಯ ಇರೋದೂ ಇಲ್ಲೇ. ಸೊನ್ನೆ ಬೆಲೆಯ ಹುಡುಗನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ಕಷ್ಟ ಬಂದಾಗ ಯಾವುದೇ ಕ್ಲಬ್ಬಿನ ಕಣ್ಣು ಮೊದಲು ಬೀಳೋದು ಮನೆಮಕ್ಕಳ ಮೇಲೆ. ಬೀಜದ ಭತ್ತ ಕುಟ್ಟಿ ಅನ್ನ ಮಾಡಿದ ಹಾಗೆ.

ಈ ಕತೆ ರಾಜಕೀಯದ್ದೂ ಹೌದು. ಬಾರ್ಸಾಕ್ಕೆ ಶೇಖ್ ಮಾಲೀಕ ಇಲ್ಲ, ಲಕ್ಷಕ್ಕೂ ಹೆಚ್ಚು ಸದಸ್ಯರೇ ಮಾಲೀಕರು, ಅಧ್ಯಕ್ಷರನ್ನು ಅವರೇ ಮತ ಹಾಕಿ ಆರಿಸುತ್ತಾರೆ. ಟಿವಿ ಹಕ್ಕು ಮಾರಲು ಒಪ್ಪಿಗೆ ಕೊಟ್ಟಿದ್ದೂ ಸದಸ್ಯರ ಪ್ರತಿನಿಧಿಗಳ ಸಭೆಯೇ. ದೊಡ್ಡ ಆಟಗಾರನ ಜೊತೆ ಜರ್ಸಿ ಹಿಡಿದು ನಿಂತ ಫೋಟೊಗೆ ಮತ ಬೀಳುತ್ತೆ, ಹತ್ತು ವರ್ಷದ ಹುಡುಗರ ಕೋಚಿಂಗಿಗೆ ಬೀಳಲ್ಲ. ಇದು ನಮಗೇನು ಹೊಸದಾ?

ಆ ಟಿವಿ ಒಪ್ಪಂದ ಮುಗಿಯೋದು 2047ಕ್ಕೆ. ಆಗ ಯಮಾಲ್‌ಗೆ 40 ತುಂಬುವ ಹೊತ್ತು. ಸಹಿ ಹಾಕಿದಾಗ ಅವನಿಗೆ 16 ಕೂಡ ತುಂಬಿರಲಿಲ್ಲ, ಕ್ಲಬ್ಬಿನ ಚುನಾವಣೆಯಲ್ಲಿ ಮತ ಹಾಕುವ ವಯಸ್ಸೇ ಅಲ್ಲ. ಅವನ ಇಡೀ ವೃತ್ತಿಜೀವನದುದ್ದಕ್ಕೂ ಕ್ಲಬ್ಬಿನ ಟಿವಿ ದುಡ್ಡಿನ ಕಾಲುಭಾಗ ಬೇರೆಯವರ ಜೇಬಿಗೆ ಹೋಗ್ತಾ ಇರುತ್ತೆ.